ಹಳೇಬೀಡಿಗೆ ಕರೆದುಕೊಂಡು ಹೋದವಳು

ಅರಸೀಕೆರೆ
೬ ಜನವರಿ ೨೦೨೫

ತಮ್ಮ ಉಮಾಶಂಕರನಿಗೆ,

ಅಕ್ಕ ಲತಾಮಣಿಯ ಪ್ರೀತಿ, ಹಾರೈಕೆ. ನೀನು ಕಳಿಸಿದ ಆಮಂತ್ರಣ ಪತ್ರಿಕೆ ಕೈಸೇರಿ ವಾರದ ಮೇಲಾಯಿತು. ತಡವಾಗಿ ಬರೆಯುತ್ತಿದ್ದೇನೆಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ಅವ್ವ ಎದುರಿಗೆ ಬಂದು ಕೂರುತ್ತಿದ್ದಳು. ಈಗ ಪಕ್ಕದ ಮನೆಯ ಹನುಮಮ್ಮನ ಜೊತೆ ಸೊಪ್ಪು ಸೋಸಲು ಹೋಗಿದ್ದಾಳೆ, ಅವಳು ಬರುವಷ್ಟರಲ್ಲಿ ಮುಗಿಸಬೇಕು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಈ ಎರಡು ಕೋಣೆಯ ಮನೆಯಲ್ಲಿ ಎಂಬತ್ತು ದಾಟಿದ ಅವ್ವನ ಕಿವಿ ಇನ್ನೂ ಚುರುಕಾಗಿದೆ. ನೀನೋ, ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಮಾತಾಡುವವನು, ಪಕ್ಕದಲ್ಲಿ ಯಾವ ಅಭಿಮಾನಿ ಕೂತಿರುತ್ತಾನೋ. ಅಲ್ಲದೆ ಈಗ ಯಾರೂ ಕೈಯಾರೆ ಕಾಗದ ಬರೆಯುವುದಿಲ್ಲವೆಂದು ಮೊನ್ನೆ ಟೀವಿಯಲ್ಲಿ ಕೊರಗಿದವನು ನೀನೇ. ತಗೋ, ಬರೆದಿದ್ದೇನೆ.

‘ಹೆಗಲ ಮೇಲಿನ ಊರು’ ಕಾದಂಬರಿಗೆ ಇಪ್ಪತ್ತೈದು ವರ್ಷ ತುಂಬಿತು, ಅದಕ್ಕೆ ಹುಟ್ಟಿದ ತಾಲೂಕಿನಲ್ಲೇ ನಿನಗೆ ಸನ್ಮಾನ ಎಂದು ಓದಿ ಹೊಟ್ಟೆ ತಂಪಾಯಿತು. ನಮ್ಮ ಕೇರಿಯಿಂದ ಹೋದ ಹುಡುಗನ ಹೆಸರನ್ನು ಇವತ್ತು ಬಸ್ ಸ್ಟ್ಯಾಂಡಿನ ಬ್ಯಾನರಿನಲ್ಲಿ ನೋಡಿ ಬಂದೆ. ಆದರೆ ಆಮಂತ್ರಣದ ಕೊನೆಯಲ್ಲಿ ಎರಡು ಸಾಲು ಇವೆ. ಕಾದಂಬರಿಯ ಹಾಸ್ಟೆಲ್ ಅಧ್ಯಾಯವನ್ನು ನಾಟಕವಾಗಿ ಆಡುತ್ತಾರಂತೆ. ಅದಾದ ಮೇಲೆ ‘ಆ ಮಹಾತಾಯಿ ಲಕ್ಕಮ್ಮನವರನ್ನು’, ಅಂದರೆ ನಮ್ಮ ಅವ್ವನನ್ನು, ವೇದಿಕೆಗೆ ಕರೆದು ಗೌರವಿಸುತ್ತಾರಂತೆ. ಅಲ್ಲಿಂದ ನನಗೆ ಅನ್ನ ಸೇರುತ್ತಿಲ್ಲ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಆದರೂ ಬರೆಯುತ್ತೇನೆ, ಯಾಕೆಂದರೆ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಇದನ್ನು ಸರಿಯಾಗಿ ಕೂತು ಮಾತಾಡಿಲ್ಲ. ನಿನ್ನ ಪುಸ್ತಕದಲ್ಲಿ ಗಂಡನನ್ನು ಕಳೆದುಕೊಂಡ ತಾಯಿ ಎಂಟು ವರ್ಷದ ಮಗನನ್ನು ಹೆಗಲ ಮೇಲೆ ಹೊತ್ತು ಜಾವಗಲ್ಲಿನಿಂದ ಹಳೇಬೀಡಿಗೆ ನಡೆಯುತ್ತಾಳೆ, ವಾರ್ಡನ್ನರ ಕಾಲು ಹಿಡಿಯುತ್ತಾಳೆ, ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತಾಳೆ. ಅದನ್ನು ಓದಿ ಅಳದವರಿಲ್ಲ. ಒಂದಕ್ಷರವೂ ಕಲ್ಪನೆಯಲ್ಲ ಎಂದು ನೀನು ಹೋದಲ್ಲೆಲ್ಲ ಹೇಳಿದ್ದೀಯ. ಆದರೆ ನಡೆದದ್ದು ಬೇರೆ. ಅಪ್ಪ ಸತ್ತ ವರ್ಷ ಅವ್ವ ನಿನ್ನನ್ನು ಎಲ್ಲಿಗೂ ಕಳಿಸುವುದಿಲ್ಲವೆಂದು ಹಟ ಹಿಡಿದಿದ್ದಳು. ನಮ್ಮಿಬ್ಬರ ನಡುವೆ ಹುಟ್ಟಿದ ಎರಡು ಕೂಸುಗಳನ್ನು ಮಣ್ಣು ಮಾಡಿದವಳು, ನೀನು ಕಣ್ಣ ಮುಂದಿದ್ದರೆ ಸಾಕಾಗಿತ್ತು ಅವಳಿಗೆ. ಊರಿನ ದೊಡ್ಡ ಮನೆಯಲ್ಲಿ ದನ ಕಾಯಲು ನಿನ್ನನ್ನು ಬಿಡುವುದೆಂದು ಮಾತೂ ಆಗಿತ್ತು. ಅವಳು ಕೂಲಿಗೆ ಹೋದ ಹೊತ್ತು ನೋಡಿ ನಿನ್ನನ್ನು ಎಬ್ಬಿಸಿಕೊಂಡು ಹೊರಟವಳು ನಾನು. ಬಸ್ಸಿನಲ್ಲಿ ಯಾರಾದರೂ ನೋಡಿ ಅವ್ವನಿಗೆ ಹೇಳಿಯಾರು ಎಂದು ನಡೆದೇ ಹೋದೆವು. ನೀನು ಕಾಲುನೋವೆಂದು ಕೂತುಬಿಟ್ಟಾಗ ಹೊತ್ತುಕೊಂಡೆ. ಪೋಷಕರ ಜಾಗದಲ್ಲಿ ಹದಿನಾಲ್ಕು ವರ್ಷದ ನಾನು ಸಹಿ ಹಾಕಿದೆ. ಒಬ್ಬಳೇ ಹಿಂದಿರುಗಿದಾಗ ಅವ್ವ ಪೊರಕೆ ತುಂಡಾಗುವ ಹಾಗೆ ಹೊಡೆದಳು. ಮಾರನೆಯ ದಿನದಿಂದ ನಿನ್ನ ಬದಲು ನಾನು ದನ ಕಾಯಲು ಹೋದೆ, ನನ್ನ ಶಾಲೆ ಅಲ್ಲಿಗೆ ನಿಂತಿತು.

ಆ ಅಧ್ಯಾಯದ ಶುದ್ಧಪ್ರತಿ ಮಾಡಿದವಳೂ ನಾನೇ. ನಿನ್ನ ಕಾಗೆಕಾಲು ಅಕ್ಷರವನ್ನು ಬೇರೆ ಯಾರು ಓದುತ್ತಾರೆ? ಬರೆಯುತ್ತಾ ಬರೆಯುತ್ತಾ ಕೈ ನಿಂತಿತು, ಇದೇನೋ ಹೀಗೆ ಎಂದು ಕೇಳಿದೆ. “ಓದೋರಿಗೆ ತಾಯಿ ಬೇಕು ಅಕ್ಕ” ಎಂದೆ ನೀನು. ಆಗಲಿ, ಪುಸ್ತಕ ನಿನ್ನದು ಎಂದು ಉಳಿದದ್ದನ್ನೂ ಬರೆದು ಕೊಟ್ಟೆ.

ಆದರೆ ಓದು ಬಾರದ ಅವ್ವ, ನನ್ನ ಮಗ ಏನು ಬರೆದಿದ್ದಾನೆ ಓದು ಎಂದು ಕೂತಾಗ, ಇದೆಲ್ಲ ಮಾಡಿದವಳು ನೀನು ಎಂದು ಅವಳ ಮುಖಕ್ಕೇ ಹೇಗೆ ಓದಲಿ? ನಡೆದದ್ದು ನಡೆದ ಹಾಗೇ ಓದಿದೆ. ‘ಅವ್ವ’ ಎಂದಿದ್ದಲ್ಲೆಲ್ಲ ‘ಅಕ್ಕ’ ಎಂದೆ. ಅವ್ವ ನನ್ನ ಕೈ ಹಿಡಿದುಕೊಂಡು, “ಅವತ್ತು ನಿಂಗೆ ಬಾಳ ಹೊಡೆದ್ಬುಟ್ಟೆ ಕಣೇ” ಎಂದಳು. ಅವಳು ಆ ವಿಷಯ ಎತ್ತಿದ್ದು ಅದೊಂದೇ ಸಲ. ಪುಸ್ತಕದಲ್ಲಿ ಇರುವುದೂ ಹಾಗೇ ಎಂದು ಇವತ್ತಿಗೂ ನಂಬಿದ್ದಾಳೆ.

ಅಂಥವಳ ಮುಂದೆ ಆ ನಾಟಕ ಆಡಿ ಕೈಗೆ ಮೈಕು ಕೊಟ್ಟರೆ ಏನಾಗುತ್ತದೆ ಯೋಚಿಸು. ಅವ್ವನ ಬಾಯಿ ನಿನಗೆ ಗೊತ್ತು. ನಾನಲ್ಲ ಎಂದು ತುಂಬಿದ ಸಭೆಯಲ್ಲಿ ಅಂದುಬಿಡುತ್ತಾಳೆ. ಆಮೇಲೆ ನಿನ್ನ ಹೆಸರು ಏನಾಗಬೇಕು? ಮಂಡಿನೋವು, ಕೂರಲಾಗುವುದಿಲ್ಲ ಎಂದು ಏನಾದರೂ ಹೇಳಿ ಅವ್ವನನ್ನು ಬಿಟ್ಟುಬಿಡು.

ನಿನ್ನ ಅಕ್ಕ,
ಲತಾಮಣಿ

ಅರಸೀಕೆರೆ
೧೯ ಜನವರಿ ೨೦೨೫

ಉಮಾಶಂಕರ,

ಕ್ಷೇಮ. ಸಂಕ್ರಾಂತಿಗೆ ಭಾಗ್ಯ ಕಳಿಸಿದ ಎಳ್ಳುಬೆಲ್ಲ ತಲುಪಿತು, ಅತ್ತೆ ಕೊಬ್ಬರಿ ಚೂರನ್ನೆಲ್ಲ ಆರಿಸಿ ತಿಂದಳೆಂದು ನಿನ್ನ ಹೆಂಡತಿಗೆ ಹೇಳು. ನಾನು ಬೇಡವೆಂದು ಬರೆದ ಕಾಗದ ಓದಿದ ಮೇಲೂ ನೀನು ಕ್ಯಾಮೆರಾ ಕಳಿಸಿದೆಯಲ್ಲ, ಅದಕ್ಕೆ ಸಿಟ್ಟು ಬಂದಿದೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಿನ್ನ ಸಮಾರಂಭದ ಉಸ್ತುವಾರಿ ಹೊತ್ತ ಆ ಬೇಲೂರಿನ ಕಾಲೇಜು ಮೇಷ್ಟ್ರು ಇಂದ್ರೇಶ್ ಕಾರು ತಂದು, ಸಭೆಯಲ್ಲಿ ತೋರಿಸಲು ಒಂದು ಚಿಕ್ಕ ಚಿತ್ರ ಮಾಡಬೇಕೆಂದು ನಮ್ಮಿಬ್ಬರನ್ನೂ ಹಳೇಬೀಡಿಗೆ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ, ನಿನ್ನ ಪುಸ್ತಕವನ್ನು ಬಾಯಿಪಾಠ ಮಾಡಿದ್ದಾರೆ. ಕಷ್ಟವೇ ಅದು. ಅವ್ವನನ್ನು ಕೆರೆ ಏರಿಯ ಮೇಲೆ ಇಳಿಸಿ, ಅವತ್ತು ಬಂದ ಹಾಗೇ ನಿಧಾನ ನಡೆದು ಬನ್ನಿ ಎಂದರು. ಅವ್ವ ನಾಲ್ಕು ಹೆಜ್ಜೆ ಇಟ್ಟು ನಿಂತಳು. ನನ್ನನ್ನು ಹತ್ತಿರ ಕರೆದು, “ನನ್ನ ಯಾಕೆ ಇಲ್ಲಿ ನಡೆಸ್ತಾವ್ರೆ? ನಾನು ಈ ಕಡೀಕೆ ಬಂದೇ ಇಲ್ವಲ್ಲೇ” ಎಂದಳು. ನೀರು ಹಿಂದಿದ್ದರೆ ಫೋಟೋ ಚೆನ್ನಾಗಿ ಬರುತ್ತದಂತೆ ಎಂದು ಏನೋ ಹೇಳಿ ನಡೆಸಿದೆ.

ಇಂದ್ರೇಶ್ ಬಿಡಬೇಕಲ್ಲ. ಯಾವ ಕಡೆಯಿಂದ ಊರೊಳಗೆ ಬಂದಿರಿ, ಹಾಸ್ಟೆಲ್ ಆಗ ಎಲ್ಲಿತ್ತು ಎಂದು ಕೇಳುತ್ತಾ ಹೋದರು. ಅವ್ವ ನನ್ನ ಮುಖ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ. ಜಾವಗಲ್ ರಸ್ತೆ, ಈ ಏರಿ, ಆಚೆ ಒಂದು ಹುಣಸೆಮರ, ಅದರ ಪಕ್ಕ ಹಂಚಿನ ಕಟ್ಟಡ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು ಎಂದೆಲ್ಲ ಹೇಳಿದೆ. ಮೇಡಂ ನಿಮಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು ಎಂದು ಅವರು ಆಶ್ಚರ್ಯಪಟ್ಟರು. ಅವ್ವ ಹೇಳುತ್ತಿರುತ್ತಾಳೆ ಎಂದೆ. ಆಮೇಲೆ ಅವರು ಬಹಳ ಮರ್ಯಾದೆಯಿಂದ, “ಮೇಡಂ, ನೀವೊಂಚೂರು ಫ್ರೇಮಿನಿಂದ ಆಚೆ ಬರ್ತೀರಾ?” ಎಂದರು. ಬಂದೆ. ಕ್ಯಾಮೆರಾದ ಹಿಂದೆ ಅವ್ವನ ಕೈಚೀಲ ಹಿಡಿದುಕೊಂಡು ನಿಂತೆ.

ಅಷ್ಟೆಲ್ಲ ಆಗಿ ಮನೆಗೆ ಬಂದರೆ ನಿನ್ನ ಫೋನು. ಪತ್ರಿಕೆ ಹಂಚಿಯಾಗಿದೆ, ಮಂತ್ರಿಗಳು ಬರುತ್ತಿದ್ದಾರೆ, ಈಗ ಅವ್ವ ಬರದಿದ್ದರೆ ಜನ ಏನೇನೋ ಮಾತಾಡುತ್ತಾರೆ ಎಂದೆ ನೀನು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಅವ್ವಂಗೆ ನೀನೇ ಹೇಳ್ಕೊಡಕ್ಕ. ಏನ್ ಕೇಳಿದ್ರೂ ಹೂಂ ಅಂದ್ರೆ ಸಾಕು” ಎಂದೆಯಲ್ಲ, ಆಗ ಫೋನ್ ಇಟ್ಟವಳು ನಾನೇ. ಲೈನ್ ಕಟ್ಟಾಗಿರಲಿಲ್ಲ.

ಕೇಳು. ನಿನಗಾಗಿ ಮಾಡಿದ್ದನ್ನು ಒಂದು ದಿನವೂ ಹೊರೆ ಎಂದುಕೊಂಡಿಲ್ಲ. ಅಂಗನವಾಡಿಯಲ್ಲಿ ಮಕ್ಕಳನ್ನು ಮಲಗಿಸಿ ನಿನ್ನ ಕಾದಂಬರಿಗಳ ಪ್ರತಿ ಮಾಡಿದ್ದೇನೆ. ನಿನಗೆ ಟೈಫಾಯಿಡ್ ಆದಾಗ ನನ್ನನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರಿಗೆ ಬರಬೇಡಿ ಎಂದು ಹೇಳಿ ಕಳಿಸಿದ್ದೇನೆ. ಅವರು ಮತ್ತೆ ಬರಲಿಲ್ಲ, ಅದಕ್ಕೂ ಕೊರಗಿಲ್ಲ. ಆದರೆ ಅವತ್ತು ಹೋದವಳು ನಾನಲ್ಲ, ನೀನು ಎಂದು ಅವ್ವನಿಗೆ ನನ್ನ ಬಾಯಿಂದ ಹೇಳಿಕೊಡಲಾರೆ. ಅದೊಂದು ನನ್ನ ಕೈಲಾಗುವುದಿಲ್ಲ.

ಅವ್ವನನ್ನು ಕರೆದುಕೊಂಡು ಬರುತ್ತೇನೆ. ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ, ಅವಳ ಪಕ್ಕದಲ್ಲೇ ಕೂರುತ್ತೇನೆ. ಅವಳು ಏಳುವ ಹಾಗೆ ಕಂಡರೆ ಹೊರಗೆ ಕರೆದೊಯ್ಯುತ್ತೇನೆ. ಮೈಕು ಮಾತ್ರ ಕೊಡಿಸಬೇಡ, ನಿನ್ನ ದಮ್ಮಯ್ಯ.

ಅಕ್ಕ

ಅರಸೀಕೆರೆ
೨೦ ಫೆಬ್ರವರಿ ೨೦೨೫

ಪ್ರೀತಿಯ ತಮ್ಮನಿಗೆ,

ಸಮಾರಂಭವಾದ ಮೇಲೆ ನೀನು ಎಷ್ಟೋ ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಮನ್ನಿಸು. ಅತ್ತೆಗೆ ಹುಷಾರಿಲ್ಲವೇನೋ ಎಂದು ನಿನ್ನ ಮಗ ಸಮ್ಯಕ್ ಗಾಬರಿಯಿಂದ ಮೆಸೇಜು ಹಾಕಿದ್ದ. ಚೆನ್ನಾಗಿದ್ದೇನೆಂದು ಆ ಮಗುವಿಗೆ ಹೇಳು.

ಅವತ್ತು ನೀನು ವೇದಿಕೆಯ ಮೇಲಿದ್ದೆ, ನಾನು ಕೆಳಗಿದ್ದೆ. ನನಗೆ ಕಂಡದ್ದನ್ನು ಬರೆಯುತ್ತೇನೆ. ನಾವು ಬಾಗಿಲ ಹತ್ತಿರ ಕೂತು ಚೆನ್ನಾಗಿ ಉಸಿರೂ ಬಿಟ್ಟಿರಲಿಲ್ಲ, ಇಂದ್ರೇಶ್ ಓಡಿಬಂದು ಅಜ್ಜಿ ಇಲ್ಲಿ ಕೂರುವುದೇ ಎಂದು ಅವ್ವನನ್ನು ಕೈಹಿಡಿದು ಮುಂದಕ್ಕೆ ಕರೆದೊಯ್ದರು. ಹಿಂದೆಯೇ ಹೋದೆ. ಮುಂದಿನ ಸಾಲಿನ ಕುರ್ಚಿಗಳಿಗೆಲ್ಲ ಹೆಸರು ಅಂಟಿಸಿದ್ದರು, ನನ್ನದು ಇರಲಿಲ್ಲ. ಜಾಗ ಸಿಕ್ಕಿದ್ದು ಆರೇಳು ಸಾಲು ಹಿಂದೆ, ಅಂಗನವಾಡಿಯಲ್ಲಿ ನನ್ನ ಜೊತೆಗಿದ್ದ ಮಾರಮ್ಮನ ಪಕ್ಕ. ಅಲ್ಲಿಂದ ಅವ್ವನ ಬೆನ್ನು, ತುರುಬು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ನಾಟಕ ಶುರುವಾಯಿತು. ತಾಯಿಯ ಪಾತ್ರ ಮಾಡಿದ ಹುಡುಗಿ ಮಗುವನ್ನು ಹೊತ್ತು ವೇದಿಕೆಯ ಸುತ್ತ ನಡೆದಳು, ಸಭೆ ಸೂಜಿ ಬಿದ್ದರೂ ಕೇಳುವ ಹಾಗಿತ್ತು. ಶಾಯಿ ಹಚ್ಚಿದ ಹೆಬ್ಬೆರಳನ್ನು ಅವಳು ಎತ್ತಿ ತೋರಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ಅವ್ವನ ಬೆನ್ನನ್ನೇ ನೋಡುತ್ತಿದ್ದೆ. ಅಲುಗಾಡಲಿಲ್ಲ. ಅವಳು ಸುಮ್ಮನಿದ್ದಷ್ಟೂ ನನಗೆ ಹೆದರಿಕೆ ಹೆಚ್ಚಾಯಿತು.

ಆಮೇಲೆ ಅವ್ವನನ್ನು ವೇದಿಕೆ ಹತ್ತಿಸಿ ಶಾಲು, ಹಾರ, ಹಣ್ಣಿನ ಬುಟ್ಟಿ. ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಇಂದ್ರೇಶ್ ಅವ್ವನ ಬಾಯಿಗೆ ಮೈಕು ಹಿಡಿದು, ಅಷ್ಟು ದೂರ ಮಗನನ್ನು ಹೊತ್ತು ನಡೆದಿರಲ್ಲ ಅಜ್ಜಿ, ಕಾಲು ನೋಯಲಿಲ್ಲವೇ ಎಂದು ಕೇಳಿದರು. ನಿನ್ನ ಮುಖ ಬಿಳುಚಿದ್ದು ನನಗೆ ಅಲ್ಲಿಂದಲೇ ಕಂಡಿತು. ನಾನು ಎದ್ದು ನಿಂತೆ. ಅವ್ವ ನಿನ್ನನ್ನು ನೋಡಿದಳು, ಸಭೆಯನ್ನು ನೋಡಿದಳು.

“ನೊಂದ್ವು ಕಣಪ್ಪ” ಎಂದಳು. “ಮಗ ಹೆಗಲ ಮ್ಯಾಗಿದ್ನಲ್ಲ, ಗೊತ್ತಾಗ್ಲಿಲ್ಲ.”

ಸಭೆ ಎದ್ದು ನಿಂತಿತು. ನೀನು ಅವಳ ಕಾಲಿಗೆ ಬಿದ್ದು ಅತ್ತೆ. ಎಂಥಾ ತಾಯಿ ಎಂದು ಮಾರಮ್ಮ ಕಣ್ಣೊರೆಸಿಕೊಂಡಳು. ನಾನೂ ಚಪ್ಪಾಳೆ ತಟ್ಟಿದೆ. ಸುಳ್ಳು ಹೇಳುವುದಿಲ್ಲ, ನಿನ್ನ ಮಾನ ಉಳಿಯಿತೆಂದು ಮನಸಾರೆ ತಟ್ಟಿದೆ. ನಿನಗೆ ಸಿಕ್ಕ ಗೌರವ ನಮ್ಮ ಕೇರಿಗೇ ಸಿಕ್ಕಿದ್ದು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಕೆಮ್ಮು ಇನ್ನೂ ಇದ್ದರೆ ಡಾಕ್ಟರಿಗೆ ತೋರಿಸು, ಕಷಾಯ ಕುಡಿದು ಕೂರಬೇಡ. ಬುದ್ಧಗುರುವಿನ ಕರುಣೆ ನಿನ್ನ ಮೇಲೂ ಭಾಗ್ಯ, ಸಮ್ಯಕ್ ಮೇಲೂ ಇರಲಿ. ಬರೆಯುವ ನಿನ್ನ ಕೈಗೆ ಆಯಸ್ಸು ಹೆಚ್ಚಲಿ.

ಇಂತು ನಿನ್ನ ಅಕ್ಕ,
ಲತಾಮಣಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವ್ವ ನಿನ್ನ ಮಾನ ಉಳಿಸಲು ಹಾಗೆ ಹೇಳಿದಳು ಎಂದುಕೊಂಡಿದ್ದೆ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ನನ್ನ ಕಡೆ ತಿರುಗಿ ಏನಾದರೂ ಹೇಳುತ್ತಾಳೆ ಎಂದು ಕಾದೆ. ಶಾಲು ಮಡಿಸಿಟ್ಟು ಮಲಗಿದಳು. ಬೆಳಿಗ್ಗೆ ಹನುಮಮ್ಮನಿಗೆ ಜಾವಗಲ್ಲಿನಿಂದ ನಡೆದ ಕಥೆ ಹೇಳುತ್ತಿದ್ದಳು. ದಿನಾ ಹೇಳುತ್ತಿದ್ದಾಳೆ, ಬಂದವರಿಗೆಲ್ಲ ಹೇಳುತ್ತಿದ್ದಾಳೆ, ಹೇಳುವಾಗ ಕಣ್ಣಲ್ಲಿ ನೀರು ತರುತ್ತಾಳೆ. ಅದು ನಾಟಕವಲ್ಲ ಉಮಾ, ಅವಳು ನಿಜವಾಗಿ ನಡೆದಿದ್ದಾಳೆ ಈಗ. ನಿನ್ನೆ ತಡೆಯಲಾಗಲಿಲ್ಲ. ಅವತ್ತು ನಾನೆಲ್ಲಿದ್ದೆ ಅವ್ವ ಎಂದು ಕೇಳಿದೆ. ಬಹಳ ಹೊತ್ತು ಯೋಚನೆ ಮಾಡಿದಳು. ಆಮೇಲೆ ನನ್ನ ಕೆನ್ನೆ ಸವರಿ, “ನೀನು ಆಗಿನ್ನೂ ಹುಟ್ಟಿರ್ಲಿಲ್ಲ ಕಣವ್ವ” ಎಂದಳು.

ನೀನು ಪುಸ್ತಕದಲ್ಲಿ ನನ್ನನ್ನು ಬಿಟ್ಟೆ, ತಡೆದುಕೊಂಡೆ. ಇದನ್ನು ತಡೆಯಲು ಆಗುತ್ತಿಲ್ಲ. ಒಂದು ಸಲ ಬಾ. ನಿನಗಿಂತ ಮೊದಲು ನಾನು ಹುಟ್ಟಿದ್ದೆ ಎಂದು ಅವ್ವನಿಗೆ ನೀನೇ ಹೇಳು. ನೀನು ಹೇಳಿದರೆ ನಂಬುತ್ತಾಳೆ.