ಅಮ್ಮನನ್ನು ಬಾಯಿಪಾಠ ಮಾಡುತ್ತಿರುವ ಹಾರ್ಲನ್

ಟೆಂಪಿ, ಅರಿಜೋನಾ
ಸೆಪ್ಟೆಂಬರ್ 9, 2011

ಪ್ರೀತಿಯ ಆರ್ಡಿತ್ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಡುಲೂತ್‌ನಲ್ಲಿ ನೀನು ಆಗಲೇ ಸ್ವೆಟರ್ ತೆಗೆದಿರಬೇಕು; ಇಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಈಗಲೂ ಕೈ ಸುಡುತ್ತದೆ.

ಸತ್ತ ಮೇಲೆ ನಮ್ಮ ದೇಹ ಹೆಪ್ಪುಗಟ್ಟಿಸಿಡಿ, ಮುಂದೆಂದೋ ಔಷಧಿ ಸಿಕ್ಕಾಗ ಎಬ್ಬಿಸಿ ಎಂದು ಇಲ್ಲಿನ ಒಂದು ಕಂಪನಿಗೆ ಬರೆದುಕೊಟ್ಟವರ ಫೋಟೋ ತೆಗೆಯುತ್ತಿದ್ದೇನೆ. ಇಲ್ಲಿಯವರೆಗೆ ಇಪ್ಪತ್ತಮೂರು ಜನ ಆದರು. ಸಂಜೆ ಬೆಳಕು ಜೇನಿನ ಬಣ್ಣಕ್ಕೆ ತಿರುಗುವಾಗ ಅವರನ್ನು ನಮ್ಮ ಹಿತ್ತಲ ಜಗುಲಿಯಲ್ಲಿ ಕೂರಿಸಿ, "ಕಣ್ಣು ಮುಚ್ಚಿ. ಎಚ್ಚರವಾದ ಮೊದಲ ಬೆಳಿಗ್ಗೆ ಏನು ಕಾಣುತ್ತೆ?" ಎನ್ನುತ್ತೇನೆ. ಟೀಚರ್ ಒಬ್ಬಳಿಗೆ ಈ ಮರುಭೂಮಿಯ ಜಾಗದಲ್ಲಿ ಸಮುದ್ರ ಕಂಡಿತು. ಆಗ ಅವರ ಮುಖ ಮಗುವಿನದಾಗುತ್ತದೆ ಅಕ್ಕಾ. ನಾನು ಉಸಿರು ಹಿಡಿದು ಕ್ಲಿಕ್ ಮಾಡುತ್ತೇನೆ.

ಹಾರ್ಲನ್ ಎಂಬಾತ ಬಂದ. ನಲ್ಲಿ, ಪೈಪು ರಿಪೇರಿಯಲ್ಲೇ ನಲವತ್ತು ವರ್ಷ ಕಳೆದವನು, ಎಪ್ಪತ್ತೊಂಬತ್ತರ ಒಂಟಿ ಮನುಷ್ಯ. ಕಣ್ಣು ಮುಚ್ಚಿ, "ಕಾಫಿ. ಇಂಥದೇ ಒಂದು ಜಗುಲಿ. ಅಷ್ಟೇ" ಎಂದ. ನಿಂಬೆ ಶರಬತ್ತು ತಂದ ಅಮ್ಮ ಸುಮ್ಮನಿರಬೇಕಲ್ಲ! "ಕಾಫಿ ಯಾರಪ್ಪಾ ಕೊಡ್ತಾರೆ? ನೀನು ಯಾರು ಅಂತ ಅಲ್ಲಿ ಒಬ್ಬರಿಗಾದ್ರೂ ಗೊತ್ತಿರುತ್ತಾ?" ಎಂದಳು. ಅವನು ಕಣ್ಣು ತೆರೆದುಬಿಟ್ಟ. ಫೋಟೋ ಕೆಟ್ಟಿತು.

ಮರುದಿನ ಅಡುಗೆಮನೆಯ ನಲ್ಲಿ ಸರಿಮಾಡುವ ನೆಪದಲ್ಲಿ ಬಂದ. ಆಮೇಲೆ ನೆಪವಿಲ್ಲದೆಯೂ. ಒಂದು ಸಂಜೆ, "ವೆಲ್ಮಾ, ನೀನೂ ಬಂದ್ಬಿಡು. ಪಕ್ಕದಲ್ಲೇ ಜಾಗ ಕೇಳ್ತೀನಿ" ಎಂದ. ಅಮ್ಮ ಕೆಮ್ಮು ಬರುವಷ್ಟು ನಕ್ಕಳು. "ಎಂಬತ್ತನಾಲ್ಕು ವರ್ಷ ಬೆಳಿಗ್ಗೆ ಎದ್ದೂ ಎದ್ದೂ ಸಾಕಾಗಿದೆ ಮಾರಾಯ, ಮಲಗೋಕೆ ಬಿಡು." ಅವನ ಮುಖ ಇಳಿದುಹೋಯಿತು. ಪಾಪ ಅನ್ನಿಸಿರಬೇಕು, "ಬೇಕಾದ್ರೆ ನನ್ನನ್ನ ನೆನಪಲ್ಲಿ ಇಟ್ಕೊಂಡು ಹೋಗು" ಎಂದಳು.

ಅವನು ಅದನ್ನೇ ಹಿಡಿದುಕೊಂಡ! ಈಗ ದಿನವೂ ಅಮ್ಮ ತನ್ನ ಬದುಕು ಹೇಳುತ್ತಾಳೆ. ಅವನು ಕಣ್ಣು ಮುಚ್ಚಿ ಒಪ್ಪಿಸುತ್ತಾನೆ. ಅಪ್ಪನ ಹಳೇ ಟ್ರಕ್ಕು, ಮದುವೆಯ ದಿನ ಮೊಣಕಾಲವರೆಗೆ ಬಿದ್ದ ಹಿಮ. "ಮಂಗಳವಾರ ಅಲ್ಲವೋ, ಬುಧವಾರ!" ಎಂದು ಇವಳು ತಿದ್ದುತ್ತಾಳೆ. ಇಬ್ಬರ ಫೋಟೋ ತೆಗೆಯುತ್ತಾ ನನಗೂ ಅರೆನಿದ್ದೆ ಬಂದಂತಾಗುತ್ತದೆ. ಎಷ್ಟೋ ದೂರದ ಊರಿನಿಂದ ಅಮ್ಮನ ದನಿ ಬರುತ್ತಿದೆ ಅನ್ನಿಸುತ್ತದೆ.

ನಿನ್ನೆ ನಿನ್ನ ಸರದಿ. ಏಳು ವರ್ಷದವಳು ಕಣಜದ ಮಾಡು ಹತ್ತಿ, ಇಳಿಯೋಲ್ಲ ಅಂತ ಹಟ ಮಾಡಿದ್ದೆಯಲ್ಲ, ಅದನ್ನು ಹೇಳಿ ಅಮ್ಮ ನಿಲ್ಲಿಸಿದಳು. "ಆಮೇಲೆ?" ಎಂದ ಹಾರ್ಲನ್.

"ಆಮೇಲೆ ಅವಳು ದೊಡ್ಡವಳಾದಳು. ಒಂದಿನ ನಾನು ಆಡಬಾರದ ಮಾತು ಆಡಿದೆ. ಅವಳು ಇಲ್ಲಿಗೆ ಬರದೆ ಆರು ವರ್ಷ ಆಯ್ತು. ಅದನ್ನ ಕಲೀಬೇಡ ಹಾರ್ಲನ್, ಅದಿನ್ನೂ ಮುಗಿದಿಲ್ಲ."

ಭಾವನಿಗೆ ನನ್ನ ನೆನಪು ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡ.

ನಿನ್ನ ತಮ್ಮ,
ಲೈಲ್

ತಾ.ಕ.: ಬರೆಯಕೂಡದೆಂದು ಅಮ್ಮ ಆಣೆ ಹಾಕಿಸಿದ್ದಳು. ಅವಳ ಶ್ವಾಸಕೋಶದಲ್ಲಿ ಗಡ್ಡೆಯಿದೆ. ಅಕ್ಟೋಬರ್ ದಾಟುವುದು ಕಷ್ಟ ಎನ್ನುತ್ತಾರೆ ಡಾಕ್ಟರು. ಬೇಗ ಹೊರಟು ಬಾ ಅಕ್ಕಾ, ವಿಮಾನ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಫೋನ್ ಮಾತ್ರ ಮಾಡಬೇಡ. ಬೇಡ ಅನ್ನೋಕೆ ಅವಳಿಗೆ ಅವಕಾಶ ಕೊಡಬಾರದು.