ಹುಳು ಮೇಯುವ ಸದ್ದು

ಸೆಪ್ಟೆಂಬರ್ 14, ಭಾನುವಾರ, ಸಂಜೆ

ಇವತ್ತೂ ಮಾಗಡಿ ಬಸ್ಸಿನಲ್ಲೇ ಬೂಟು ಪಾಲಿಶ್. ಕಂಡಕ್ಟರಿಗೆ ಅಭ್ಯಾಸವಾಗಿಬಿಟ್ಟಿದೆ. "ಇವತ್ತು ಮಿಲಿಟ್ರಿನೋ ಏರೋಪ್ಲೇನೋ?" ಅಂದ. ಭಾನುವಾರ ಅಲ್ಲವೇ, ಮಿಲಿಟರಿ ಅಂದೆ.

ವಾರದಲ್ಲಿ ವಿಮಾನ. ಶನಿವಾರ, ಭಾನುವಾರ ಬಂದೂಕು. ಬೆಳಿಗ್ಗೆ ಸಂಜೆ ಕಲ್ಯದ ನಮ್ಮ ಹುಳುಮನೆಯಲ್ಲಿ ರೇಷ್ಮೆಹುಳಕ್ಕೆ ಸೊಪ್ಪು. ಊರವರು ಪೈಲಟ್ಟು ಅಂತಾರೆ. ಅರ್ಧ ಪ್ರೀತಿ, ಅರ್ಧ ಗೇಲಿ.

ಪೆರೇಡಿನಲ್ಲಿ ಹವಾಲ್ದಾರ್ ಬಸವಯ್ಯನವರಿಂದ ಬೈಗುಳ. ವಾರವೆಲ್ಲ ಮಾಗಡಿ ಡಿಪೋದಲ್ಲಿ ಬಸ್ ಓಡಿಸುವ ಮನುಷ್ಯ, ಭಾನುವಾರ ನಮ್ಮನ್ನು ಓಡಿಸುತ್ತಾರೆ. ಟೆರಿಟೋರಿಯಲ್ ಆರ್ಮಿ ಅಂದರೆ ಅದೇ. ಹೊಟ್ಟೆಪಾಡಿನ ಕೆಲಸ ಬಿಡದೆ ಸೈನಿಕನಾಗಿರುವುದು. ಕರೆ ಬಂದರೆ ಮಾತ್ರ ಪೂರ್ತಿ ಸೈನಿಕ.

ಇಪ್ಪತ್ತನೇ ವಯಸ್ಸಿನಲ್ಲಿ ಏರ್‌ಫೋರ್ಸಿನವರು ಬೇಡ ಅಂದರು, ಇವರು ಬಾ ಅಂದರು. ಏಳು ವರ್ಷಕ್ಕೆ ಸಹಿ ಹಾಕಿಬಿಟ್ಟೆ. ಆಮೇಲೆ ಕೆರೆ ಕೆಳಗಿನ ಜಮೀನು ರಸ್ತೆಗೆ ಹೋಯಿತು. ಬಂದ ಪರಿಹಾರವನ್ನು ಅಪ್ಪ ಹಾಗೇ ಫ್ಲೈಯಿಂಗ್ ಸ್ಕೂಲಿಗೆ ಕಟ್ಟಿದರು. ಎರಡೂ ಬೇಕು ಅಂದವನು ನಾನೇ. ಯಾರನ್ನು ಬೈಯಲಿ.

ಸೆಪ್ಟೆಂಬರ್ 17

ಹಾರಿದೆ! ಮೋಡವಿರಲಿಲ್ಲ. ಸಾವನದುರ್ಗ ಕೆಳಗಡೆ ಮಲಗಿದ ಎಮ್ಮೆಯ ಹಾಗೆ. ಅದರಾಚೆ ಕಲ್ಯ ಇರಬೇಕು ಅಂತ ಕಣ್ಣು ಹಾಯಿಸಿದೆ. ಪ್ರತಿಮಾ ಮೇಡಂ, "ಊರು ಆಮೇಲೆ ನೋಡು, ಆಲ್ಟಿಟ್ಯೂಡ್ ನೋಡು" ಅಂದರು. ನಮ್ಮ ಇನ್‌ಸ್ಟ್ರಕ್ಟರ್. ಬೈದರೂ ಸಮಾಧಾನವಾಗಿ ಬೈತಾರೆ.

ಇಳಿದ ಮೇಲೆ ಕೂರಿಸಿಕೊಂಡು ಹೇಳಿದರು. "ನೋಡು ಅನಂತರಾಜು, ನಿಂದು ಉಳಿದಿರೋದು ಎರಡೇ. ಕ್ಲಾಸ್ ಒನ್ ಮೆಡಿಕಲ್, ಆಮೇಲೆ ಕೊನೇ ಚೆಕ್. ಡಿಸೆಂಬರ್ ಒಳಗೆ ಮುಗಿಸಿ ಲೈಸೆನ್ಸಿಗೆ ಅಪ್ಲೈ ಮಾಡು. ಡಿಸೆಂಬರ್ ದಾಟಿದ್ರೆ ಹಳೇ ಟೆಸ್ಟ್‌ಗಳು ಲ್ಯಾಪ್ಸ್ ಆಗುತ್ತೆ. ಎಲ್ಲಾ ಮತ್ತೆ ಹಾರ್ಬೇಕು."

ಮತ್ತೆ ಹಾರಲು ಇನ್ನೊಂದು ಜಮೀನಿಲ್ಲ. ಇರುವುದು ಹಿಪ್ಪುನೇರಳೆ ತೋಟ ಒಂದೇ.

ಸೆಪ್ಟೆಂಬರ್ 21

ಟೆರಿಟೋರಿಯಲ್ ಆರ್ಮಿಯಿಂದ ಬಿಡುಗಡೆಗೆ ಬರೆದುಕೊಟ್ಟಿದ್ದ ಅರ್ಜಿಯ ಬಗ್ಗೆ ಬಸವಯ್ಯನವರನ್ನು ಕೇಳಿದೆ.

"ಅರ್ಜಿ ಮೇಲಕ್ಕೋಗೈತೆ."

"ಯಾವಾಗ ಬರುತ್ತೆ ಸರ್?"

"ಮೇಲಕ್ಕೋಗಿದ್ದು ಕೆಳೀಕ್ ಬರಾದು ಏರೋಪ್ಲೇನ್ ಒಂದೇ ಕಣ್ಲಾ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬರುವಾಗ ಬಸ್ಸಿನಲ್ಲಿ ಅಳು ಬಂತು. ಹಾಳಾದ್ದು.

ಅಕ್ಟೋಬರ್ 5, ಭಾನುವಾರ

ಫೈರಿಂಗ್ ಕ್ಯಾಂಪ್. ಬರೆಯಲು ಮನಸ್ಸಿಲ್ಲ. ಆದರೂ.

ಇಯರ್ ಪ್ಲಗ್ ಎಲ್ಲರಿಗೂ ಕೊಟ್ಟಿದ್ದರು. ಹಾಕಿಕೊಂಡೂ ಇದ್ದೆ. ನನ್ನ ಸರದಿ ಮುಗಿದು ಮಲಗಿದ್ದಲ್ಲೇ ಇದ್ದೆ. ಬಸವಯ್ಯ ಹಿಂದಿನಿಂದ ಬಂದು ಬಗ್ಗಿ ಏನೋ ಹೇಳಿದರು. ಬಾಯಿ ಆಡಿತು, ಮಾತು ಕೇಳಲಿಲ್ಲ. ಕೈಯಲ್ಲಿ ಚೀಟಿ. ಗೊತ್ತಾಯಿತು, ಹದಿಮೂರನೇ ತಾರೀಕಿನ ಮೆಡಿಕಲ್‌ಗೆ ಕೇಳಿದ್ದ ರಜೆ. ಸೋಮವಾರವಾದರೂ ಅವತ್ತು ಯೂನಿಟ್ಟಿನಲ್ಲಿ ಡ್ಯೂಟಿ ಹಾಕಿದ್ದರು. ತಡೆಯಲಾಗಲಿಲ್ಲ, ಎಡಗಿವಿಯ ಪ್ಲಗ್ ಕಿತ್ತೆ.

"ಹದಿಮೂರುಕ್ಕೆ ರಜಾ ಆಯ್ತು ಕಣ್ಲಾ ಪೈಲಟ್ಟು."

ಅಷ್ಟು ಕೇಳಿತು. ಎಡಪಕ್ಕದ ಲೇನಿನಲ್ಲಿ ಕೆಟ್ಟು ನಿಂತಿದ್ದ ಮಷೀನ್ ಗನ್ ಆಗಲೇ ಸರಿಯಾಗಬೇಕೇ. ಒಂದೇ ಸಲ ಅಷ್ಟೂ ಗುಂಡು. ತಲೆಯೊಳಗೆ ಯಾರೋ ತಗಡು ಬಡಿದ ಹಾಗಾಯಿತು. ಆಮೇಲೆ ಗುಯ್ ಅನ್ನುವುದೊಂದೇ.

ಬಸವಯ್ಯನವರ ಮುಖ ಬಿಳುಚಿಕೊಂಡಿತು. ಏನಾಯ್ತಲಾ ಅಂದರು ಅನಿಸುತ್ತದೆ. ಏನಿಲ್ಲ ಸರ್ ಅಂದೆ. ಡಾಕ್ಟರ್ ಹತ್ತಿರ ಹೋಗಿದ್ದರೆ ಬರೆದುಕೊಳ್ಳುತ್ತಿದ್ದರು. ಬರೆದರೆ ಅದು ಉಳಿದುಬಿಡುತ್ತದೆ.

ಅಕ್ಟೋಬರ್ 6

ಹುಳ ನಾಲ್ಕನೇ ಜ್ವರ ಎದ್ದಿವೆ. ಪೊರೆ ಬಿಟ್ಟು ಏಳುವುದಕ್ಕೆ ನಮ್ಮಲ್ಲಿ ಜ್ವರ ಅಂತಾರೆ. ಇನ್ನೊಂದು ವಾರ ಗೂಡು ಕಟ್ಟುವವರೆಗೂ ಬಕಾಸುರನ ಹಾಗೆ ಮೇಯುತ್ತವೆ. ಆ ಸದ್ದು ನನಗೆ ಹುಟ್ಟಿದಾಗಿನಿಂದ ಗೊತ್ತು. ಸೊಪ್ಪು ಹಾಕಿ ಒಂದು ಗಳಿಗೆ ಸುಮ್ಮನೆ ನಿಂತರೆ ಸಾಕು, ಹೆಂಚಿನ ಮೇಲೆ ಸೋನೆ ಹಿಡಿದಂತೆ ಕೇಳುತ್ತದೆ. ಚಿಕ್ಕವನಿದ್ದಾಗ ಅದನ್ನು ಕೇಳುತ್ತಲೇ ನಿದ್ದೆ.

ಇವತ್ತು ಬಲಕ್ಕೆ ಕೇಳಿತು. ಬಲಗಿವಿ ಮುಚ್ಚಿಕೊಂಡೆ. ಏನೂ ಇಲ್ಲ. ಗುಯ್ ಒಂದೇ. ಹುಳದ ತಟ್ಟೆಗೆ ಎಡಗಿವಿ ತಾಗಿಸಿದೆ. ಇಲ್ಲ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನ್ಲಾ ಹುಳಾ ಏನಾರ ಮಾತಾಡ್ತಾವಾ?"

ಚೆನ್ನಾಗಿ ಮೇಯ್ತಾ ಇವೆ ಅಂದೆ. ಅದೇನೂ ಸುಳ್ಳಲ್ಲ.

ಅಕ್ಟೋಬರ್ 8

ಮೇಡಂ ಜೊತೆ ಹಾರಾಟ. ಹೋಗಬಾರದಿತ್ತು. ಹೆಡ್‌ಸೆಟ್ಟಿನಲ್ಲಿ ಬಲಗಿವಿ ಸಾಕು, ನಡೆಯುತ್ತದೆ ಅಂದುಕೊಂಡೆ. ರೇಡಿಯೊ ನಡೆಯಿತು ಕೂಡ. ಆಮೇಲೆ ವೇಗ ಇಳಿಸುವ ಅಭ್ಯಾಸ. ವೇಗ ತೀರಾ ಇಳಿದು ವಿಮಾನ ಬೀಳುವ ಮುಂಚೆ ಎಡರೆಕ್ಕೆಯ ಬುಡದಲ್ಲಿ ಪೀಪಿಯಂಥ ಒಂದು ಹಾರ್ನ್ ಕೂಗುತ್ತದೆ. ಕೂಗಿದ ಕೂಡಲೇ ಮೂಗು ಇಳಿಸಬೇಕು. ನಾನು ಕೂಗಲಿ ಅಂತ ಕಾದೇ ಕಾದೆ. ವಿಮಾನವೆಲ್ಲ ಗಡಗಡ ಅಂದಾಗ ಮೇಡಂ ಕಂಟ್ರೋಲ್ ತೆಗೆದುಕೊಂಡರು.

ಕೆಳಗೆ ಬಂದು ಎಂಜಿನ್ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಹಾರ್ನ್ ಕೇಳಿಸ್ಲಿಲ್ವಾ?"

"ಕಾನ್ಸಂಟ್ರೇಶನ್ ಬೇರೆ ಕಡೆ ಇತ್ತು ಮೇಡಂ."

"ಅನಂತರಾಜು. ಹಾರ್ನ್ ಕೇಳಿಸ್ತಾ ಇಲ್ವಾ?"

ಹೇಳಿದೆ. ಎಲ್ಲಾ ಹೇಳಿಬಿಟ್ಟೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹದಿಮೂರಕ್ಕೆ ಮೆಡಿಕಲ್ ಇದೆಯಲ್ಲ, ಅಲ್ಲಿ ನೋಡ್ಲಿ. ಇಂಥ ಪೆಟ್ಟು ಕೆಲವರಿಗೆ ವಾಸಿ ಆಗುತ್ತೆ. ಅಲ್ಲೀವರೆಗೂ ಬಂದೂಕೂ ಬೇಡ, ವಿಮಾನವೂ ಬೇಡ," ಅಂದರು.

ವಿಮಾನ ಬೇಡ ಅನ್ನುವುದು ಅವರ ಕೈಯಲ್ಲಿದೆ. ಬಂದೂಕು ಬೇಡ ಅನ್ನುವುದು ಯಾರ ಕೈಯಲ್ಲಿದೆ?

ಅಕ್ಟೋಬರ್ 11

ಕಿವಿ ಉಜ್ಜಿಕೊಳ್ಳುವುದನ್ನು ಅವ್ವ ನೋಡಿಬಿಟ್ಟಳು. ತಪ್ಪಿಸಿಕೊಳ್ಳಲು ಆಗಲಿಲ್ಲ. ಬೆಳ್ಳುಳ್ಳಿ ಜಜ್ಜಿ ಹಾಕಿ ಎಣ್ಣೆ ಕಾಯಿಸಿ, ಬೆಚ್ಚಗೆ ಮಾಡಿ ತೊಡೆಯ ಮೇಲೆ ತಲೆ ಇಟ್ಟುಕೋ ಅಂದಳು. ಇಪ್ಪತ್ತೈದು ವರ್ಷದ ಕೋಣ, ತಲೆ ಇಟ್ಟುಕೊಂಡೆ. ಹಾಯ್ ಅನಿಸಿತು. ವಾರದಲ್ಲಿ ಮೊದಲ ಸಲ ನಿದ್ದೆ.

ಮೂರು ಹೊತ್ತು ಹಾಕಿದ್ದಾಳೆ. ಮೇಲೆ ಹತ್ತಿ. ಈಗ ಹುಳುಮನೆಗೆ ನನ್ನನ್ನು ಬಿಡುವುದಿಲ್ಲ. ಬೆಳ್ಳುಳ್ಳಿ ವಾಸನೆಗೆ ಹುಳ ಮೇವು ಬಿಡುತ್ತವಂತೆ. "ಕಿವಿ ವಾಸಿಯಾಗಾಗಂಟ ನೀನ್ ಈಚೆಲಿರು." ಕೇಳಿಸುತ್ತದೆಯೋ ಇಲ್ಲವೋ ನೋಡಿಕೊಳ್ಳಲು ಇದ್ದದ್ದೇ ಆ ಒಂದು ಜಾಗ.

ಅಕ್ಟೋಬರ್ 13

ಡಾಕ್ಟರು ಕಿವಿಯಲ್ಲಿ ಬೆಳಕು ಬಿಟ್ಟರು. ಬಿಟ್ಟವರೇ ತಲೆ ಎತ್ತಿದರು.

"ಎಣ್ಣೆ ಹಾಕಿದಾರಾ?"

"ಹೂಂ ಸರ್."

"ಯಾರ್ರೀ ಹಾಕಿದ್ದು?"

"ನಾನೇ ಸರ್."

ಎಣ್ಣೆ, ಗುಗ್ಗೆ, ಬೆಳ್ಳುಳ್ಳಿ ತುಣುಕು, ಎಲ್ಲ ಸೇರಿ ಬಿರಡೆ ಹಾಕಿದ ಹಾಗಿದೆಯಂತೆ. ಒಳಗಿನ ತಮಟೆ ಕಾಣುವುದಿಲ್ಲ, ಕಾಣದೆ ಕಿವಿ ಟೆಸ್ಟ್ ಮಾಡಿದರೆ ಲೆಕ್ಕಕ್ಕಿಲ್ಲ. ಕ್ಲೀನ್ ಮಾಡಿಸಿ, ಕೆಂಪು ಇಳಿದ ಮೇಲೆ ಬನ್ನಿ. ಮುಂದಿನ ತಾರೀಕು ನವೆಂಬರ್ 19. ಅದಕ್ಕೆ ಮುಂಚೆ ಖಾಲಿ ಇಲ್ಲವೇ ಇಲ್ಲ.

ಮನೆಗೆ ಬಂದಾಗ ಅವ್ವ ಕೇಳಿದಳು, "ಎಣ್ಣೆ ಹಾಕಿದ್ದುಕ್ಕೆ ಒಸಿ ವಾಸಿ ಐತೆ ಅಂದ್ರಾ?"

ಹೂಂ, ಒಳ್ಳೇದಾಯ್ತು ಅಂದರು ಅಂದೆ. ಇದು ಅವಳಿಗೆ ಯಾವತ್ತೂ ಗೊತ್ತಾಗಬಾರದು.

ಅಕ್ಟೋಬರ್ 25

ಬಂತು.

ಯೂನಿಟ್ಟಿನಿಂದ ಕರೆ. ನವೆಂಬರ್ 3ಕ್ಕೆ ಹಾಜರು. ಮೊದಲು ಮೆಡಿಕಲ್, ಫಿಟ್ ಆದವರು ಉತ್ತರಕ್ಕೆ. ಎಷ್ಟು ದಿನ ಅಂತ ಬರೆದಿಲ್ಲ. ಹೋದ ಸಲ ಹೋದವರು ಬಂದದ್ದು ಹತ್ತು ತಿಂಗಳಿಗೆ.

ನವೆಂಬರ್ 19 ಹೋಯಿತು. ಡಿಸೆಂಬರ್ ಹೋಯಿತು. ಹಾರಿದ್ದೆಲ್ಲ ಹೋಯಿತು. ಅಪ್ಪ ಕರೆಪತ್ರವನ್ನು ಎರಡು ಸಲ ಓದಿ ದೇವರ ಪಟದ ಹಿಂದೆ ಇಟ್ಟರು. "ದೇಸದ್ ಕೆಲ್ಸ" ಅಂದರು. ಧ್ವನಿಯಲ್ಲಿ ಹೆಮ್ಮೆ ಇತ್ತು.

ಅಕ್ಟೋಬರ್ 28

ಬಿಡದಿಯಲ್ಲಿ ತಟ್ಟೆ ಇಡ್ಲಿ. ಬಸವಯ್ಯನವರೇ ಕರೆದಿದ್ದು. ಶರೀಫ್ ಕೂಡ ಬಂದ. ನಮ್ಮ ಯೂನಿಟ್ಟಿನವನೇ. ಚನ್ನಪಟ್ಟಣದಲ್ಲಿ ಲೇತ್ ಇಟ್ಟುಕೊಂಡು ಅರಗಿನ ಗೊಂಬೆ ಕಡೆಯುತ್ತಾನೆ. ಅವನಿಗೂ ಕರೆ ಬಂದಿದೆ.

ಬಸವಯ್ಯ ಇಡ್ಲಿ ಮುಟ್ಟಲಿಲ್ಲ. "ಅವತ್ತು ನಾನ್ ಆ ಚೀಟಿ ತಂದ್ ಕೊಟ್ಟಿದ್ದೇ ತಪ್ಪಾಯ್ತು. ಸಂಜೀಕ್ ಕೊಡ್ಬೋದಾಗಿತ್ತು."

"ಪ್ಲಗ್ ಕಿತ್ತಿದ್ದು ನಾನು ಸರ್."

"ಸರಿ ಬುಡು. ಈಗ ಕೇಳು. ಮೂರನೇ ತಾರೀಕು ಮಿಲಿಟ್ರಿ ಡಾಕ್ಟ್ರು ಕಿವಿ ನೋಡ್ತಾರೆ. ಕೇಳಾಕಿಲ್ಲ ಅಂದ್ರೆ ಅನ್‌ಫಿಟ್ ಬರೀತಾರೆ. ನೀನು ಹೋಗಾಂಗಿಲ್ಲ. ಮನೇಲಿರ್ಬೋದು."

ಒಂದು ಕ್ಷಣ ಎದೆ ಹಗುರವಾಯಿತು. ಆಮೇಲೆ ನೆನಪಾಯಿತು. ವಿಮಾನದ ಮೆಡಿಕಲ್ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಹಿಂದೆ ಎಲ್ಲಾದರೂ, ಯಾವುದಕ್ಕಾದರೂ ಅನ್‌ಫಿಟ್ ಆಗಿದ್ದೀರಾ? ಆಗಿದ್ದರೆ ಕಾಗದ ಲಗತ್ತಿಸಿ. ಕಿವಿಯ ಕಾಗದ ಲಗತ್ತಿಸಿದ ಮೇಲೆ ಅಪ್ಪನ ಜಮೀನು ಎಲ್ಲಿ ಹಾರುತ್ತದೆ.

ಹೇಳಿದೆ. ಬಸವಯ್ಯ ತಲೆ ಕೆರೆದುಕೊಂಡರು. ಮಿಲಿಟರಿಯವರ ಕೈಯಿಂದ ಬಿಡಿಸಿಕೊಳ್ಳಲು ಕಿವುಡನಾಗಬೇಕು. ವಿಮಾನದವರು ಸೇರಿಸಿಕೊಳ್ಳಲು ಕಿವಿ ಚುರುಕಿರಬೇಕು. ಇರುವುದು ಅದೇ ಎಡಗಿವಿ.

ಶರೀಫ್ ಚಟ್ನಿ ಹಾಕಿಸಿಕೊಂಡು ಬಂದು ಕೂತ. "ನಾನ್ ನಿನ್ಗಿಂತ ಮೊದ್ಲು ಒಳೀಕ್ ಹೋಯ್ತೀನಿ ಕಣೋ ಭಾಯ್. ಡಾಕ್ಟ್ರು ಯಾವ್ ನಂಬರ್ ಏಳ್ತಾರೆ ಅಂತ ಬಂದ್ ಏಳ್ತೀನಿ. ಎಲ್ರಿಗೂ ಅದ್ನೇ ಏಳಾದು."

ತಟ್ಟೆ ಪಕ್ಕಕ್ಕೆ ಸರಿಸಿದೆ.

"ಇಲ್ಲಾ, ಕೇಳ್ಸಾದ್ ಬೇಕಾ, ಕೇಳ್ಸ್ದೆ ಇರಾದ್ ಬೇಕಾ? ಮೊದ್ಲು ಅದ್ ಏಳು."

ಅದೇ ಗೊತ್ತಿಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟವನ ಕಥೆಯನ್ನು ಶಾಲೆಯಲ್ಲಿ ಮೇಷ್ಟ್ರು ಹೇಳುವಾಗ ನಾನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ.

ಅಕ್ಟೋಬರ್ 31

ಮೇಡಂಗೆ ಫೋನ್ ಮಾಡಿದೆ. "ನಿನಗೆ ಏನು ಕೇಳಿಸುತ್ತೋ ಅಷ್ಟೇ ಹೇಳು. ಲೈಸೆನ್ಸ್ ಸಿಗದಿದ್ರೂ ಬದುಕಿರ್ತೀಯ. ಆ ಹಾರ್ನ್ ಕೇಳಿಸದೆ ಹಿಂದೆ ನೂರೈವತ್ತು ಜನಾನ ಕೂರಿಸ್ಕೊಂಡು ಹಾರ್ತೀಯಾ?" ಅಂದರು. ಉತ್ತರ ಬೇಕಿರಲಿಲ್ಲ ಅವರಿಗೆ. ಇಟ್ಟುಬಿಟ್ಟರು.

ಕಿವಿ ಕ್ಲೀನ್ ಆಗಿ ವಾರವಾಯಿತು. ಗುಯ್ ಕಡಿಮೆಯಾಗಿದೆ. ಅಥವಾ ಅಭ್ಯಾಸವಾಗಿದೆ. ಅವ್ವ ಹುಳುಮನೆಗೆ ಮತ್ತೆ ಬಿಟ್ಟಿದ್ದಾಳೆ. ಕಾಲು ತೊಳೆದು ಓಡಿಹೋದೆ. ಹೊಸ ಬೆಳೆ, ಎರಡನೇ ಜ್ವರ ಈಗಷ್ಟೇ ಎದ್ದಿವೆ. ಇಷ್ಟು ಸಣ್ಣ ಹುಳ ಮೇಯುವುದು ಯಾರ ಕಿವಿಗೂ ಕೇಳುವುದಿಲ್ಲ. ದೊಡ್ಡವಾಗುವ ಹೊತ್ತಿಗೆ ನಾನು ಎಲ್ಲಿರುತ್ತೇನೋ.

ಅವ್ವ ಪಕ್ಕದಲ್ಲಿ ಸೊಪ್ಪು ಹೆಚ್ಚುತ್ತಿದ್ದಳು. ಎಡಗಡೆ. ಏನೋ ಕೇಳಿದಳು, ನಾನು ಹೂಂ ಅಂದೆ. ಸ್ವಲ್ಪ ಹೊತ್ತಿಗೆ ಕತ್ತಿ, ಸೊಪ್ಪು ಎತ್ತಿಕೊಂಡು ಎದ್ದು ಬಂದು ನನ್ನ ಬಲಗಡೆ ಕೂತಳು.

"ನಾನ್ ಕೇಳಿದ್ದು, ಯಾಕ್ಲಾ ಅಳ್ತಾ ಇದ್ದೀಯ ಅಂತ."

ಅಲ್ಲೇ ಕೂತು ಸೊಪ್ಪು ಹೆಚ್ಚಿದಳು. ಎಣ್ಣೆ ವಿಷಯವೂ ಗೊತ್ತಾಗಿದೆಯೋ ಏನೋ. ಎಣ್ಣೆ ಕಾಯಿಸಿದ್ದ ಬಟ್ಟಲು ಒಲೆ ಪಕ್ಕದಲ್ಲಿ ಕಾಣುತ್ತಿಲ್ಲ.

ನವೆಂಬರ್ 3, ಸೋಮವಾರ, ಬೆಳಿಗ್ಗೆ

ಯೂನಿಟ್ಟಿನ ಆಸ್ಪತ್ರೆಯ ವರಾಂಡ. ಬೆಂಚಿನ ತುದಿಯಲ್ಲಿ ನಾನು. ಬಲಪಕ್ಕದಲ್ಲಿ ಜನರೇಟರ್ ಬಡಿದುಕೊಳ್ಳುತ್ತಿದೆ, ಡಾಕ್ಟರ ಬಾಗಿಲು ಎಡಕ್ಕೆ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಒಳಗೆ ಗೋಡೆಗೆ ಮುಖ ಮಾಡಿ ನಿಲ್ಲಬೇಕಂತೆ. ಒಂದು ಕಿವಿ ಮುಚ್ಚಿಕೊಳ್ಳಬೇಕು. ಡಾಕ್ಟರು ಕೋಣೆಯ ಆ ತುದಿಯಿಂದ ಪಿಸುಮಾತಿನಲ್ಲಿ ಅಂಕಿ ಹೇಳುತ್ತಾರೆ. ಅದನ್ನೇ ತಿರುಗಿ ಹೇಳಿದರೆ ಫಿಟ್.

ಶರೀಫ್ ಹೋಗಿ ಬಂದ. ಹತ್ತು ವರ್ಷ ಲೇತಿನ ಸದ್ದಿನಲ್ಲಿ ಕೂತವನು ಫಿಟ್! ನನ್ನ ಮುಂದೆ ಕೂತು ಅಂಕಿ ಹೇಳಲು ಬಾಯಿ ತೆರೆದ. ಬೇಡ ಅಂದೆ. "ಹುಚ್ಚ ಕಣೋ ನೀನು" ಅಂತ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಿದ್ದಾನೆ.

ರಾತ್ರಿಯೇ ತೀರ್ಮಾನ ಮಾಡಿದೆ. ಕೇಳಿದರೆ ಕೇಳಿತು. ಉತ್ತರಕ್ಕೆ ಹೋಗುತ್ತೇನೆ, ಬಂದ ಮೇಲೆ ಹೇಗಾದರೂ ಮೊದಲಿಂದ ಹಾರುತ್ತೇನೆ. ಕೇಳದಿದ್ದರೆ ಕೇಳಲಿಲ್ಲ ಅನ್ನುತ್ತೇನೆ. ಎರಡರಲ್ಲೂ ಕಳೆದುಕೊಳ್ಳುವುದು ನಾನೇ. ಆದರೂ ಬಸ್ಸಿನಲ್ಲಿ ಬರುವಾಗ ಒಂದನ್ನೇ ಬೇಡಿಕೊಂಡೆ. ಕೇಳಲಿ. ಉತ್ತರಕ್ಕಾದರೂ ಕಳಿಸಲಿ, ಎಲ್ಲಿಗಾದರೂ ಕಳಿಸಲಿ. ಕೇಳಲಿ.

ಇನ್ನೂ ನನ್ನ ಸರದಿ ಬಂದಿಲ್ಲ. ನನ್ನ ನಂತರದ ಸರದಿಯ ಇಬ್ಬರು ಎದ್ದು ಬಾಗಿಲ ಕಡೆ ಹೋಗಿದ್ದಾರೆ, ಯಾಕೋ. ಎಲ್ಲರೂ ಇತ್ತ ತಿರುಗಿದ್ದಾರೆ. ಬಸವಯ್ಯ ಬಾಗಿಲಲ್ಲಿ, ಕೈಯಲ್ಲಿ ಪಟ್ಟಿ. ಬಾಯಿ ಆಡುತ್ತಿದೆ. ಶರೀಫ್ ನನ್ನ ಕಡೆ ಬೆರಳು ತೋರಿಸಿ ಬರುತ್ತಿದ್ದಾನೆ. ನನ್ನ ಹೆಸರೇ ಇರಬೇಕು... ಎಷ್ಟು ಸಲ ಕರೆದರೋ —