ಮೊದಲ ಕಿವಿ

ನವೆಂಬರ್ 3, ಸೋಮವಾರ. ಬೆಳಿಗ್ಗೆ

ಹರಿಹರದ ಬಸ್ಸು. ಕಿಟಕಿ ಸೀಟು. ಕಿವಿಯಲ್ಲಿ ಹಾಸನದ ಹುಡುಗರ ಹೊಸ ರ‍್ಯಾಪ್ ಇಪಿ, ನಾಲ್ಕೇ ಹಾಡಿನ ಪುಟ್ಟ ಆಲ್ಬಮ್. ಬೀಟ್‌ಗೆ ಎಂಟು, ಸಾಹಿತ್ಯಕ್ಕೆ ನಾಲ್ಕು, ಒಟ್ಟು ಆರು. ದುಡ್ಡು, ಕಾರು, ಹುಡುಗಿ... ಮೂರೂ ಅವರ ಹತ್ತಿರ ಇಲ್ಲವೆಂದು ದನಿಯಲ್ಲೇ ಗೊತ್ತಾಗುತ್ತದೆ. ಹಾಗೇ ಬರೆದು ಗ್ರೂಪಿಗೆ ಹಾಕಿದೆ. ಬಾತಿ ಸ್ಟಾಪ್ ದಾಟುವಷ್ಟರಲ್ಲಿ ನಗುವ ಮುಖಗಳ ಸಾಲೇ ಬಂತು.

ಅದರ ಹಿಂದೆಯೇ ಅಡ್ಮಿನ್ ಮಹಾಂತೇಶಣ್ಣನ ಮೆಸೇಜು. "ತನು, ಈ ಸರ್ತಿ ಮೊದಲ ಕಿವಿ ನಿಂದು. ಹರಿಹರದ ಹುಡುಗಿ, ಮುಬಶ್ಶಿರಾ ಅಂತ. ಶುಕ್ರವಾರ ರಿಲೀಸ್."

ಬಸ್ಸಲ್ಲೇ "ಅಯ್ಯಪ್ಪಾ" ಅಂದುಬಿಟ್ಟೆ. ಪಕ್ಕದ ಹೆಂಗಸು, "ಯಾಕವ್ವ, ಸ್ಟಾಪ್ ತಪ್ಪಿತೇನು?" ಅಂದರು.

ತಪ್ಪಿಲ್ಲ, ಬಂತು. ಮೂರು ವರ್ಷ ಕಾದಿದ್ದೇನೆ. ನಮ್ಮ 'ರ‍್ಯಾಪ್ ಕಟ್ಟೆ'ಯಲ್ಲಿ ಆರುನೂರು ಜನ. ಒಂದು ಆಲ್ಬಮ್‌ಗೆ ಒಬ್ಬರೇ ಮೊದಲ ಕಿವಿ. ರಿಲೀಸಿಗೆ ಮುಂಚೆ ಹಾಡು ಅವರಿಗೆ ಮಾತ್ರ ಬರುತ್ತದೆ. ಅವರ ರಿವ್ಯೂ ಬಿದ್ದ ಮೇಲೆಯೇ ಮಿಕ್ಕವರು ಬಾಯಿ ಬಿಡಬೇಕು. ಅವರ ಅಂಕಕ್ಕೆ ಹತ್ತು ಜನರ ತೂಕ. ಇದುವರೆಗೆ ಬರೀ ಗಂಡು ಕಿವಿಗಳೇ!

ಈ ಸಲ ಇನ್ನೂ ಬಿಸಿ ಇದೆ. ಹದಿನಾರಕ್ಕೆ ದಾವಣಗೆರೆಯಲ್ಲಿ 'ಕಟ್ಟೆ ಸಂಜೆ'. ಹದಿನಾಲ್ಕರ ಸಂಜೆ ಆರರೊಳಗೆ ಸರಾಸರಿ ಎಂಟು ದಾಟಿದವರನ್ನು ಕರೆದು ಇಡೀ ಆಲ್ಬಮ್ ಹಾಡಿಸುತ್ತಾರೆ. ಮುಬಶ್ಶಿರಾ ಇನ್ನೂ ಯಾವ ವೇದಿಕೆಯನ್ನೂ ಹತ್ತಿಲ್ಲ. "ಕರೆದ್ರೆ ಬರ್ತೀನಿ, ಕೇಳ್ಕೊಂಡು ಬರಲ್ಲ" ಅಂದಳಂತೆ. ಹಾಡು ಕೇಳುವ ಮೊದಲೇ ಇಷ್ಟವಾದಳು.

ನವೆಂಬರ್ 5, ಬುಧವಾರ

ಬಂತು! ಆಲ್ಬಮ್ ಹೆಸರು 'ಎಲ್ ಬೋರ್ಡ್'. ಒಂಬತ್ತು ಹಾಡು. ಅವಳ ಅಮ್ಮಿ ನಲವತ್ತೈದನೇ ವಯಸ್ಸಿನಲ್ಲಿ ಸ್ಕೂಟಿ ಕಲಿತ ಕಥೆಯಂತೆ. ಇದಕ್ಕಿಂತ ಒಳ್ಳೆ ವಿಷಯ ಯಾವ ರ‍್ಯಾಪರಿಗೂ ಹೊಳೆದಿಲ್ಲ.

ಹರಿಹರದ ನಮ್ಮ ಕನ್ನಡಕದ ಅಂಗಡಿಯಲ್ಲಿ ಕೈಕಾಲು ನಿಲ್ಲಲಿಲ್ಲ. ಒಬ್ಬ ಅಜ್ಜನ ಕಣ್ಣಿಗೆ ಗಾಜು ಹಾಕಿ "ಇದು ಚೆನ್ನಾಗಿ ಕಾಣುತ್ತಾ, ಇದಾ?" ಅಂತ ಕೇಳುತ್ತಾ ಕೇಳುತ್ತಾ ಒಂದೇ ಗಾಜನ್ನು ಎರಡು ಸಲ ತೋರಿಸಿದೆ. ಓನರ್ ಕಲ್ಲೇಶಪ್ಪನವರು ನೋಡಿದರು. "ತನುಶ್ರೀ, ನಿನ್ನ ಕಣ್ಣು ಮೊದ್ಲು ಟೆಸ್ಟ್ ಮಾಡ್ಬೇಕು ನೋಡು."

ಊಟದ ಹೊತ್ತಿಗೆ ಹಿಂದಿನ ರೂಮಿಗೆ ಹೋಗಿ ಕೂತೆ. ಹಾಡುಗಳು ಮೊಬೈಲಿನಲ್ಲಿ ಸಾಲಾಗಿ ಕೂತಿದ್ದವು. ಮೊದಲನೆಯದರಿಂದ ಒತ್ತಿದೆ. 'ಆಚೆ ದಡ'. ಅಮ್ಮಿ ತುಂಗಭದ್ರೆ ಸೇತುವೆ ಮೇಲೆ ಗಾಡಿ ಓಡಿಸಿಕೊಂಡು ಆಚೆ ಊರಿನ ತಂಗಿ ಮನೆಗೆ ಹೋಗುತ್ತಾಳೆ. ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಹಾಡನ್ನು ಮೊದಲೇ ಇಟ್ಟಿದ್ದಾಳಲ್ಲ, ಎಷ್ಟು ಧೈರ್ಯ ಅಂದುಕೊಂಡೆ.

ಮುಂದೆ... ಏನೋ ಸರಿ ಇಲ್ಲ. ನಾಳೆ ಮತ್ತೆ ಕೇಳಬೇಕು. ಮೂರು ಸಲ ಕೇಳದೆ ಅಂಕ ಕೊಡಬಾರದು, ಕಟ್ಟೆಯ ರೂಲ್.

ನವೆಂಬರ್ 6, ಗುರುವಾರ. ಸಂಜೆ

ಮೂರು ಸಲವೂ ಕೇಳಿ ಆಯಿತು. ಸಿಟ್ಟು ಬಂದಿದೆ.

ಸೇತುವೆ ದಾಟಿದ ಹೆಂಗಸು ಆಮೇಲೆ ಬ್ರೇಕ್ ಯಾವುದೆಂದು ಕೇಳುತ್ತಾಳೆ. ಒಂದು ಹಾಡಿನಲ್ಲಿ ಲೈಸೆನ್ಸ್ ಸಿಕ್ಕಿದೆ, ಮುಂದಿನದರಲ್ಲಿ ಗಾಡಿಯನ್ನು ಮುಟ್ಟಲು ಹೆದರುತ್ತಾಳೆ. ಕೊನೆಯ ಹಾಡು 'ಹಳ್ಳ'. ರಸ್ತೆಯ ಗುಂಡಿಗೆ ಬಿದ್ದು, ಮೊಣಕಾಲು ತರಚಿಕೊಂಡು, ಓಣಿಯವರೆಲ್ಲ ನಗುತ್ತಿರುವಾಗ ಗಾಡಿ ತಳ್ಳಿಕೊಂಡು ಮನೆಗೆ ಬರುತ್ತಾಳೆ. ಬಾಗಿಲು ಹಾಕುವ ಸದ್ದು. ಮುಗಿಯಿತು.

ಅಂದರೆ ಹೆಣ್ಣು ಗಾಡಿ ಹತ್ತಿದರೆ ಕೊನೆಗೆ ಬೀಳಲೇಬೇಕೇ? ನನ್ನನ್ನೂ ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಡಾವಣೆಯ ಎಷ್ಟು ಜನ ಹೀಗೇ ನೋಡಿ ನಕ್ಕಿದ್ದಾರೆ. ಹೆಣ್ಣುಮಗಳೇ ಹೀಗೆ ಬರೆದರೆ ಹೆಂಗೆ?

ರಿವ್ಯೂ ಹಾಕಿದೆ. ಬೆಂಕಿಯಂತೆ ಬಂತು, ನನಗೇ ಇಷ್ಟವಾಯಿತು. ಕೊನೆಯ ಸಾಲು: "ಅಮ್ಮನನ್ನು ಸೇತುವೆ ದಾಟಿಸಿ, ಆಮೇಲೆ ಓಣಿಯ ಗುಂಡಿಗೆ ತಳ್ಳಿ ಬಾಗಿಲು ಹಾಕಿಕೊಂಡ ಮಗಳ ಆಲ್ಬಮ್. ಹತ್ತಕ್ಕೆ ನಾಲ್ಕು."

ನವೆಂಬರ್ 8, ಶನಿವಾರ

ನನ್ನ ರಿವ್ಯೂಗೆ ಇಷ್ಟು ಲೈಕ್ ಎಂದೂ ಬಿದ್ದಿರಲಿಲ್ಲ. "ತನು ಅಕ್ಕ ಫೈರ್" ಅಂತೆ. ಎಷ್ಟೋ ಜನ ನನ್ನ ಹಿಂದೆಯೇ ನಾಲ್ಕು, ಐದು ಕೊಟ್ಟಿದ್ದಾರೆ. ಕೆಲವರು ಒಂಬತ್ತು ಕೊಟ್ಟು ಕುಣಿಯುತ್ತಿದ್ದಾರೆ. ಶಾಮನೂರಿನ ಅಂಜನಕುಮಾರ ಎಂಬುವನು "ಅಕ್ಕ, ನೀವು ಬ್ಯಾರೆ ಆಲ್ಬಮ್ ಕೇಳೀರೇನು?" ಅಂತ ಬರೆದಿದ್ದ. "ಕಿವಿ ಇರೋರು ಕೇಳೋ ಆಲ್ಬಮ್ ಕೇಳೀನಿ" ಅಂದೆ.

ಮಧ್ಯಾಹ್ನ ಮುಬಶ್ಶಿರಾಳೇ ಗ್ರೂಪಿನಲ್ಲಿ ಬರೆದಳು. "ತನು ಅಕ್ಕ, ಓದಿದೆ. ಅಮ್ಮಿಗೂ ಓದಿ ಹೇಳ್ದೆ. ಒಂದು ಮಾತು ಕೇಳ್ಲಾ, ಅಮ್ಮಿ ಕೊನಿಗೆ ಯಾವ ಹಾಡಿನಾಗೆ ಬೀಳ್ತಾರೆ?"

"ಕೊನೆ ಹಾಡಿನಾಗೆ. ನಿಮ್ಮ ಆಲ್ಬಮ್ ನೀವೇ ಕೇಳಿಲ್ವಾ?" ಅಂದೆ.

ಕೈಮುಗಿದ ಎಮೋಜಿ ಒಂದು ಹಾಕಿ ಹೋದಳು. ಸರಾಸರಿ ಆರೂವರೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಹೆಣ್ಣುಮಗಳು, ಪಕ್ಕದ ಹರಿಹರದವಳು. ಆದರೆ ಪಾಪ ಅಂತ ಅಂಕ ಕೊಡುವುದಲ್ಲವಲ್ಲ.

ನವೆಂಬರ್ 9, ಭಾನುವಾರ

ಅಡುಗೆಮನೆಯಿಂದ ಅಮ್ಮನ ನಗು ಕೇಳಿ ಎದ್ದೆ. ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ತಂಗಿ ಅಂಕಿತಾ ಮೊಬೈಲನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು 'ಎಲ್ ಬೋರ್ಡ್' ಹಾಕಿದ್ದಳು.

"ಬಿದ್ಲು ನೋಡು," ಅಂದಳು ಅಮ್ಮ. "ಏಳ್ತಾಳೆ ತಗಾ. ಇಂಥೋರು ಬಿಡಲ್ಲ."

ನಾನು ಬಾಗಿಲಲ್ಲೇ ನಿಂತು, "ಏಳಲ್ಲ. ಅದು ಕೊನೆ ಹಾಡು" ಅಂದೆ.

"ಕೊನೇದೆಲ್ಲಿ ಬಂತು? ಇದು ಮೊದಲ್ನೇದು ಕಣೆ ಅಕ್ಕ. ಈಗ ಹಚ್ಚೀನಿ."

ಮೊಬೈಲು ಕಿತ್ತುಕೊಂಡು ನೋಡಿದೆ. ಒಂದು: ಹಳ್ಳ. ಒಂಬತ್ತು: ಆಚೆ ದಡ.

ನನ್ನ ಮೊಬೈಲು ತೆಗೆದೆ. ಅವಳು ಕಳಿಸಿದ ಹಾಡುಗಳಿಗೆ ನಂಬರ್ ಇಲ್ಲ, ಬರೀ ಹೆಸರು. ಮೊಬೈಲು ತನ್ನ ಪಾಡಿಗೆ ಅ ಆ ಇ ಈ ಪ್ರಕಾರ ಸಾಲು ನಿಲ್ಲಿಸಿದೆ. 'ಆ' ಮೊದಲು, 'ಹ' ಕೊನೆ. ನಾನು ಮೂರು ಸಲವೂ ಶಾಲೆಯ ಹಾಜರಿ ಕೂಗಿದ ಹಾಗೆ ಕೇಳಿದ್ದೇನೆ. ಥೂ.

ಅಮ್ಮನಿಗೆ ಹೇಳಿದೆ. ಅವಳು ರೊಟ್ಟಿ ತಿರುವಿ ಹಾಕಿ, "ಸಿಟ್ನಾಗೆ ಕೊಯ್ದ ಮೂಗು ಶಾಂತ ಆದ್ಮೇಲೆ ಬಂದೀತೇನವ್ವ" ಅಂದಳು. ನಮ್ಮಮ್ಮ ಕಸ್ತೂರಮ್ಮನವರ ರಿವ್ಯೂ ಯಾವಾಗಲೂ ಒಂದೇ ಸಾಲು.

ಅದೇ ದಿನ, ಮಧ್ಯಾಹ್ನ

ಟೆರೇಸಿನಲ್ಲಿ ಕೂತು ಸರಿಯಾದ ಸಾಲಿನಲ್ಲಿ ಕೇಳಿದೆ. ಬೀಳುತ್ತಾಳೆ. ಹೆದರುತ್ತಾಳೆ. "ಬ್ರೇಕ್ ಯಾವ್ದು ಅಂತ ಕೇಳ್ಬ್ಯಾಡ, ಕಾಲ್ ಅದಾವೆ ಎರಡು" ಎನ್ನುತ್ತಾಳೆ. ಎಲ್ ಬೋರ್ಡ್ ಕಟ್ಟುತ್ತಾಳೆ. ಆರನೆಯ ಹಾಡಿನಲ್ಲಿ ಆರ್‌ಟಿಒ ಎದುರು ಗಾಡಿಯಲ್ಲಿ ಎಂಟರ ಆಕಾರ ಹೊಡೆಯುವಾಗ ನನ್ನ ಉಸಿರು ನಿಂತಿತ್ತು. ಒಂಬತ್ತಕ್ಕೆ ಸೇತುವೆ. ಅಲ್ಲಿ ಬೀಟ್ ಇಲ್ಲ, ಬರೀ ಗಾಳಿ, ಸ್ಕೂಟಿಯ ಸದ್ದು, ಹಿಂದೆ ಕೂತ ಮಗಳು ಅಮ್ಮಿಯ ಸೊಂಟ ಹಿಡಿದು ನಗುವುದು. ಆಮೇಲೆ ಬೀಟ್ ಬೀಳುತ್ತದೆ... ಅತ್ತುಬಿಟ್ಟೆ. ಮೊದಲ ಸಲ ಇದನ್ನು ಕೇಳಿ ಜುಮ್ಮೆಂದಿತ್ತು, ಆದರೆ ಅದು ದಾಟಲಿಕ್ಕೆ ಅಷ್ಟು ದೂರ ಬಂದವಳ ಸೇತುವೆ ಅಂತ ಗೊತ್ತಿರಲಿಲ್ಲ.

ಒಂಬತ್ತೂವರೆ. ಕಣ್ಣು ಮುಚ್ಚಿ ಕೊಡುತ್ತೇನೆ. ಆದರೆ ಕೊಡುವುದು ಹೇಗೆ?

ನವೆಂಬರ್ 10, ಸೋಮವಾರ

ಮಹಾಂತೇಶಣ್ಣನಿಗೆ ಫೋನ್ ಮಾಡಿದೆ. ಚಾಮರಾಜಪೇಟೆಯ ಅವರ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ಎಲ್ಲ ಹೇಳಿದೆ. ನಕ್ಕರು.

"ಅಣ್ಣ, ನನ್ನ ಅಂಕ ತಿದ್ದಿಬಿಡ್ರಿ."

"ಕೊಟ್ಟ ಅಂಕ ತಿದ್ದಂಗಿಲ್ಲ. ರೂಲ್ ಹಾಕ್ಸಿದ್ದು ಯಾರು? ನೀನೇ ಅಲ್ವೇನಮ್ಮ?"

ನಾನೇ. ಹೋದ ವರ್ಷ ಒಬ್ಬನ ಅಭಿಮಾನಿಗಳು ಹೆದರಿಸಿ ಹೆದರಿಸಿ ಎಲ್ಲರ ಅಂಕ ಏರಿಸಿದಾಗ, ಇಡೀ ಕಟ್ಟೆಯೊಂದಿಗೆ ಜಗಳವಾಡಿ ನಾನೇ ಹಾಕಿಸಿದ ರೂಲ್.

"ನಿಂಗೊಬ್ಬಳಿಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರೆ. ಸುಮ್ನಿರು, ಮುಂದಿನ ವರ್ಷ ಆ ಹುಡುಗೀನ ಕರ್ಸೋಣ."

"ಬೇರೆ ದಾರಿ ಇಲ್ವಾ?"

"ಗ್ರೂಪ್ ಬಿಟ್ಟು ಹೋದೋರ ಅಂಕಾನ ಲೆಕ್ಕ ಹಾಕೋ ಬಾಟ್ ತಾನೇ ಅಳಿಸ್ತೈತೆ. ಹಂಗಂತ ನೀ ಬಿಡ್ತೀಯೇನು? ಬಿಟ್ರೆ ಎಲ್ಲಾ ಹೋಗ್ತೈತೆ. ಮೂರು ವರ್ಷ ಬರ್ದಿದ್ದು, ಅಂಕ, ಹೆಸ್ರು, ಎಲ್ಲಾ. ವಾಪಸ್ ಬಂದ್ರೆ ಹೊಸಬಳಂಗೆ ಮೂಲೆನಾಗೆ ಕೂಡಬೇಕು. ಮೊದಲ ಕಿವಿ ಮರ್ತೇಬಿಡು."

ಫೋನ್ ಇಟ್ಟೆ.

ನವೆಂಬರ್ 13, ಗುರುವಾರ. ಬೆಳಿಗ್ಗೆ, ಬಸ್ಸು

ಎರಡು ದಿನ ಏನೂ ಬರೆದಿಲ್ಲ. ಬರೀ ಹಳೆ ರಿವ್ಯೂಗಳನ್ನು ಓದುತ್ತಿದ್ದೆ. ಮೊದಲನೆಯದರಲ್ಲಿ 'ಫ್ಲೋ' ಅಂದರೇನೆಂದೇ ತಿಳಿಯದೆ ಏಳು ಸಲ ಬಳಸಿದ್ದೇನೆ. ಅಲ್ಲಿಂದ ಇಲ್ಲಿಯ ತನಕ ಬಂದವಳು ನಾನೇ. ಈ ಕಟ್ಟೆ ಬಿಟ್ಟರೆ ನನ್ನ ಮಾತಿಗೆ ಆರುನೂರು ಜನ ಕಾಯುವ ಜಾಗ ಬೇರೆ ಎಲ್ಲಿದೆ? ಅಂಗಡಿಯಲ್ಲಿ "ಇದಾ, ಇದಾ" ಅನ್ನುವುದಷ್ಟೇ ನನ್ನ ಮಾತು.

ಬಿಡಲು ಮನಸ್ಸಿಲ್ಲ. ನಿಜ ಹೇಳುತ್ತೇನೆ, ಇಲ್ಲ.

ಆದರೆ ಒಬ್ಬಳು ಕರೆಯಲಿ ಅಂತ ಕಾಯುತ್ತಿದ್ದಾಳೆ. ಕೇಳಿಕೊಂಡು ಬರುವವಳಲ್ಲ. ಅವಳ ಬಾಗಿಲಿಗೆ ನಾನು ಕಲ್ಲು ಅಡ್ಡ ಇಟ್ಟು, ನನ್ನ ಹೆಸರು ಉಳಿಯಲಿ ಅಂತ ಕೂತರೆ ನನ್ನ ಕಿವಿಗೆ ಏನು ಬೆಲೆ?

ಬರೆದು ಹಾಕಿದೆ. "ನಾನು 'ಎಲ್ ಬೋರ್ಡ್' ಆಲ್ಬಮ್ ಅನ್ನು ಅಕಾರಾದಿಯಲ್ಲಿ ಕೇಳಿ ಅಂಕ ಕೊಟ್ಟೆ. ಅದು ಕೊನೆಗೆ ಬೀಳುವವಳ ಕಥೆ ಅಲ್ಲ, ಮೊದಲೇ ಬಿದ್ದವಳ ಕಥೆ. ಇನ್ನೂ ಅಂಕ ಕೊಡದವರು ನನ್ನ ಮಾತು ಬಿಟ್ಟು ಒಂದರಿಂದ ಒಂಬತ್ತು ಕೇಳಿರಿ. ನಾಲ್ಕನ್ನು ಅಳಿಸಲು ಇದೊಂದೇ ದಾರಿ ಇದೆ, ಹೊರಟೆ. ಅಂಜನಕುಮಾರ, ಹೌದಪ್ಪ, ಬೇರೆ ಆಲ್ಬಮ್ ಕೇಳಿದ್ದೆ."

ಒತ್ತಿದೆ. "ನೀವು ಗುಂಪಿನಿಂದ ಹೊರಬಂದಿದ್ದೀರಿ."

ಅಷ್ಟೇ. ಬಾತಿ ಇನ್ನೂ ಬಂದಿರಲಿಲ್ಲ.

ನವೆಂಬರ್ 14, ಶುಕ್ರವಾರ. ಸಂಜೆ

ಒಳಗೆ ಏನು ನಡೆಯುತ್ತಿದೆಯೆಂದು ಕಾಣುವುದಿಲ್ಲ. ಅಂಗಡಿಗೆ ರಜೆ ಹಾಕಿ ಬೆಳಿಗ್ಗೆಯಿಂದ ಅಂಕಿತಾಳ ಪ್ರಾಣ ತಿಂದಿದ್ದೇನೆ. ಅವಳು ಕಟ್ಟೆಯ ಮೆಂಬರು, ಆದರೆ ಬಾಯಿ ಬಿಡದವಳು.

"ಏಳೂವರೆ ಆಯ್ತು ಅಕ್ಕ... ನೀ ಹೋದ್ಮೇಲೆ ಮುಗಿಬಿದ್ದು ಕೇಳ್ತಾ ಇದಾರೆ."

ಆಮೇಲೆ, "ಏಳು ಪಾಯಿಂಟ್ ಒಂಬತ್ತು."

ನಾನು ಊಟ ಬಿಟ್ಟು ಮನೆ ಸುತ್ತುತ್ತಿದ್ದೆ. ಕೊನೆಗೆ, "ನೀ ಅಂಕ ಕೊಟ್ಟೀಯೇನೇ?" ಅಂದೆ.

"ಇಲ್ಲ. ಎಲ್ಲಾ ಸರ್ತಿ ನಿನ್ನ ನೋಡೇ ಕೊಡ್ತಿದ್ದೆ. ಈ ಸರ್ತಿ ನಿಂದು ಅಮ್ಮಂದು ಬ್ಯಾರೆ ಬ್ಯಾರೆ ಬಂತಲ್ಲ, ಸುಮ್ನಾದೆ."

"ಕೇಳೀಯಲ್ಲ. ನಿಂಗೆ ಹೆಂಗೆ ಅನ್ಸಿತೋ ಹಂಗೆ ಕೊಡು."

ಎಷ್ಟು ಕೊಟ್ಟಳೋ ತೋರಿಸಲಿಲ್ಲ, ಮೊಬೈಲು ಎದೆಗೆ ಒತ್ತಿಕೊಂಡಳು. ಆರು ಗಂಟೆ ಹೊಡೆಯಿತು. ಎಂಟು ಪಾಯಿಂಟ್ ಒಂದು. ಇಬ್ಬರೂ ಕಿರುಚಿದ ಸದ್ದಿಗೆ ಅಪ್ಪ ಹೊರಗಿಂದ ಓಡಿ ಬಂದರು. "ಏನಾತು, ಹಾವು ಬಂತೇನು?"

ನವೆಂಬರ್ 16, ಭಾನುವಾರ. ಸಂಜೆ

ಕಟ್ಟೆ ಸಂಜೆ. ಬೇಕರಿ ಮೇಲಿನ ಹಾಲ್. ಕೊನೆಯ ಸಾಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಂಡಕ್ಕಿ ಪೊಟ್ಟಣ ಮಡಿಲಲ್ಲಿದೆ, ತಿನ್ನಲು ಆಗುತ್ತಿಲ್ಲ. ಯಾರೂ ಮಾತಾಡಿಸುವುದಿಲ್ಲ ಅಂದುಕೊಂಡಿದ್ದೆ. ಎಲ್ಲರೂ ಬಂದು "ಅಕಾರಾದಿ ಅಕ್ಕ" ಅಂತ ಕೈ ಕುಲುಕಿ ಹೋಗುತ್ತಿದ್ದಾರೆ. ಈ ಹೆಸರು ಇನ್ನು ಸಾಯುವ ತನಕ ಬಿಡುವುದಿಲ್ಲ.

ಮುಬಶ್ಶಿರಾ ಬಂದಳು. ನೋಡಲು ನನಗಿಂತ ಚಿಕ್ಕವಳು. ಹಿಂದೆ ಅಮ್ಮಿ, ಕೈಯಲ್ಲಿ ಹೆಲ್ಮೆಟ್. ಹರಿಹರದಿಂದ ಹೈವೇ ಮೇಲೆ ಮಗಳನ್ನು ಹಿಂದೆ ಕೂರಿಸಿಕೊಂಡು ಅವರೇ ಓಡಿಸಿಕೊಂಡು ಬಂದಿದ್ದಾರೆ. ಎದ್ದು ನಿಂತೆ.

"ನಂಬರ್ ಹಾಕ್ದೆ ಕಳ್ಸಿದ್ದು ನಾನು ಅಕ್ಕ," ಅಂದಳು ಮುಬಶ್ಶಿರಾ. "ಅವತ್ತೇ ಹೇಳ್ಬಹುದಿತ್ತು. ನಂಗೂ ಸಿಟ್ಟು ಬಂದಿತ್ತು, ಹೇಳ್ಲಿಲ್ಲ."

ಅಮ್ಮಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಕೊನಿಗೆ ಬೀಳ್ಸಿದೋಳು ನೀನೇ ಏನು?"

"ಹೌದ್ರೀ ಅಮ್ಮ."

"ಸರಿ, ಜರುಗು." ಪಕ್ಕದ ಕುರ್ಚಿಯಲ್ಲಿ ಕೂತರು. ನನ್ನ ಮಂಡಕ್ಕಿಗೆ ಕೈ ಹಾಕಿದರು.

ಮುಬಶ್ಶಿರಾ ಮೈಕ್ ಹಿಡಿದಳು. ದೀಪ ಸಣ್ಣಗಾಯಿತು. ಬೀಟ್ ಶುರು. 'ಹಳ್ಳ'. ಅಂಕ ಕೊಡುವ ಹಕ್ಕಿಲ್ಲ, ಬರೀ ಕೇಳಬೇಕು, ಎಷ್ಟು ಹಗುರವಾಗಿದೆ —

ಅಮ್ಮಿ ನನ್ನ ಕೈ ಮೇಲೆ ಒಂದು ಏಟು ಹಾಕಿದರು. "ಬರಿಯೋದು ಬಿಡು ಬೇಟಾ. ಈಗ ಬೀಳ್ತೀನಿ, ನೋಡು."

ಬಿಟ್ಟೆ, ಅಮ್ಮಿ, ಬಿ